ಹಕೀಮರ ಬೆರಳಿನಿಂದ ಅಂಕಿಗಳವರೆಗೆ
ಹೃದಯ ವೈಫಲ್ಯದ ರೋಗಿಯನ್ನು ಇನ್ನಂಜೆಯಿಂದ ಮಣಿಪಾಲಕ್ಕೆ ಕರೆತಂದ ಮನೆಯವರು ಕೇಳುವುದು ಒಂದೇ: "ಡಾಕ್ಟ್ರೇ, ಇನ್ನೆಷ್ಟು ದಿನ?" 1953ರಲ್ಲಿ ಅಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾಗುವುದಕ್ಕಿಂತ ಎಷ್ಟೋ ಹಳೆಯ ಪ್ರಶ್ನೆಯಿದು. ಇಬ್ನ್ ಸೀನಾ ತನ್ನ 'ಅಲ್ ಕಾನೂನ್'ನಲ್ಲಿ ನಾಡಿಯ ಬಗ್ಗೆಯೇ ವಿಸ್ತಾರವಾಗಿ ಬರೆದ. ಯುನಾನಿ ಹಕೀಮರು ಶತಮಾನಗಳ ಕಾಲ ಬೆರಳ ತುದಿಯಲ್ಲಿ ಉತ್ತರ ಹುಡುಕಿದರು.

1928ರಲ್ಲಿ ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಶನ್ ರೋಗಿಗಳನ್ನು ನಾಲ್ಕು ವರ್ಗ ಮಾಡಿತು. ಎಷ್ಟು ಕೆಲಸಕ್ಕೆ ಏದುಸಿರು ಬರುತ್ತದೆ ಎಂಬುದೇ ಅಳತೆ. ಕುಳಿತಲ್ಲೇ ಬಂದರೆ ನಾಲ್ಕನೆಯದು. ವೈದ್ಯರು ಇಂದಿಗೂ ಅದನ್ನು ಬಿಟ್ಟಿಲ್ಲ. (ಸಜ್ದಾದಲ್ಲಿ ಉಸಿರು ಕಟ್ಟುತ್ತದೆಂಬ ಅಜ್ಜನ ದೂರನ್ನೂ ವೈದ್ಯರಿಗೆ ಹೇಳಲೇಬೇಕು.)

2006ರ ಸಿಯಾಟಲ್ ಮಾದರಿಯು ವಯಸ್ಸು, ರಕ್ತದೊತ್ತಡ, ಸೋಡಿಯಂ, ಹಿಮೋಗ್ಲೋಬಿನ್, ಔಷಧಿಗಳನ್ನೆಲ್ಲ ಕೂಡಿಸಿ ಮೂರು ವರ್ಷಗಳವರೆಗಿನ ಅಂದಾಜು ಕೊಟ್ಟಿತು. ಆದರೆ ಅದಕ್ಕೆ ಆಧಾರವಾದವರು ಬಹುಪಾಲು ಪಾಶ್ಚಾತ್ಯ ರೋಗಿಗಳು. ನಮ್ಮವರ ಲೆಕ್ಕ ತಡವಾಗಿ ಶುರುವಾಯಿತು. 2013ರಲ್ಲಿ ತಿರುವನಂತಪುರದಲ್ಲಿ 1205 ರೋಗಿಗಳನ್ನು ದಾಖಲಿಸಿದರು. ಅವರ ಸರಾಸರಿ ವಯಸ್ಸು 61, ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಕಡಿಮೆ! 2022ರಲ್ಲಿ ಪ್ರಕಟವಾದ ದೇಶವ್ಯಾಪಿ ದಾಖಲೆಯ 10,851 ಮಂದಿಯಲ್ಲಿ ನೂರಕ್ಕೆ 14 ಜನ ಮೂರೇ ತಿಂಗಳಲ್ಲಿ ತೀರಿಕೊಂಡಿದ್ದರು. ಸರಿಯಾದ ಔಷಧಿಗಳೆಲ್ಲ ಸಿಗದವರಲ್ಲಿ ಸಾವು ಹೆಚ್ಚು. ಶಾಲೆಯ ಓದು ಕಡಿಮೆಯಿದ್ದವರಲ್ಲಿಯೂ.