ಅಲ್ಪವಿರಾಮ, ಚುಕ್ಕಿ ಮತ್ತು ಸ್ಪ್ರೆಡ್‌ಶೀಟು

ಸ್ಪ್ರೆಡ್‌ಶೀಟಿನಲ್ಲಿ 12,34,567.50 ಎಂದು ಕಾಣುವ ಮೊತ್ತದ ಅಲ್ಪವಿರಾಮಗಳು ಸಂಖ್ಯೆಯ ಭಾಗವಲ್ಲ. ಸೆಲ್ಲಿನೊಳಗೆ ಇರುವುದು 1234567.5 ಮಾತ್ರ, ಮಿಕ್ಕದ್ದು ಉಡುಪು. ಆ ಉಡುಪನ್ನು ತೊಡಿಸುವ ಅಧಿಕಾರ ಯಾರದು ಎಂಬುದು ನಾಲ್ಕು ದಶಕಗಳಲ್ಲಿ ಹಲವು ಸಲ ಬದಲಾಗಿದೆ.

ಚಿಹ್ನೆಗಳ ಜಗಳ ಕಂಪ್ಯೂಟರಿಗಿಂತ ಹಳೆಯದು. ಗುಣಾಕಾರಕ್ಕೆ ಚುಕ್ಕಿ ಬಳಸಬೇಕೆಂದು ಗಣಿತಜ್ಞ ಲೈಬ್‌ನಿಟ್ಸ್ 1698ರಲ್ಲೇ ಸೂಚಿಸಿದ್ದ, ಚುಕ್ಕಿಗೆ ದಶಮಾಂಶವಲ್ಲದೆ ಇನ್ನೊಂದು ಕೆಲಸವೂ ಬಂತು. ಜರ್ಮನಿ, ಫ್ರಾನ್ಸ್‌ಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ನೆಲೆಯೂರಿತು, ಇಂಗ್ಲೆಂಡಿನಲ್ಲಿ ಚುಕ್ಕಿ ಉಳಿಯಿತು. ಹೀಗಾಗಿ 1.234 ಎಂಬುದು, ಚುಕ್ಕಿಯಿಂದ ಸಾವಿರವನ್ನು ಬೇರ್ಪಡಿಸುವ ಬರ್ಲಿನ್ನಿನಲ್ಲಿ, ಸಾವಿರದ ಇನ್ನೂರ ಮೂವತ್ತನಾಲ್ಕು. ಲಂಡನ್ನಿನಲ್ಲಿ ಒಂದೂಕಾಲಿಗಿಂತ ತುಸು ಕಡಿಮೆ. ಅಳತೆ ತೂಕಗಳ ಅಂತರರಾಷ್ಟ್ರೀಯ ಮಹಾಸಭೆ 2003ರಲ್ಲಿ ದಶಮಾಂಶಕ್ಕೆ ಎರಡೂ ಸರಿಯೆಂದು, ಅಂಕಿಗಳ ಗುಂಪುಗಳ ನಡುವೆ ಮಾತ್ರ ಎರಡೂ ಬೇಡ, ಖಾಲಿ ಜಾಗ ಸಾಕೆಂದು ಹೇಳಿತು. ಲೆಕ್ಕಪತ್ರದವರು ಅದಕ್ಕೆ ಕಿವಿಗೊಡಲಿಲ್ಲ.

ಸ್ಪ್ರೆಡ್‌ಶೀಟ್ ತಂತ್ರಾಂಶಗಳಲ್ಲಿ 1979ರ ವಿಸಿಕ್ಯಾಲ್ಕ್ ಬೆರಳೆಣಿಕೆಯ ರೂಪಗಳನ್ನಷ್ಟೇ ಕೊಟ್ಟಿತ್ತು. 1983ರ ಲೋಟಸ್ 1-2-3ರಲ್ಲಿ ಅಲ್ಪವಿರಾಮದ ರೂಪವೇ ಪ್ರತ್ಯೇಕವಾಗಿ ಬಂತು. ಮುಂದಿನ ಆವೃತ್ತಿಗಳಲ್ಲಿ ಬೇರೆ ದೇಶಗಳ ವಿರಾಮಚಿಹ್ನೆಗಳನ್ನು ಮೆನುವಿನಿಂದ ಆರಿಸಿಕೊಳ್ಳುವ ಅನುಕೂಲವೂ ಸೇರಿತು. 1985ರಲ್ಲಿ ಮ್ಯಾಕಿಂಟಾಷ್‌ಗೆ ಬಂದ ಎಕ್ಸೆಲ್‌ನ ವಂಶದಲ್ಲಿ ಬೆಳೆದದ್ದು ಸಂಕೇತಗಳ ಪುಟ್ಟ ಭಾಷೆ: #,##0.00. ಇದರಲ್ಲಿ 0 ಕಡ್ಡಾಯದ ಅಂಕಿ, # ಇದ್ದರೆ ಮಾತ್ರ ಕಾಣುವ ಅಂಕಿ. ಅಲ್ಪವಿರಾಮ ‘ಗುಂಪು ಮಾಡು’ ಎಂಬ ಆಜ್ಞೆಯಷ್ಟೇ, ಎಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಕೊನೆಯಲ್ಲಿಟ್ಟ ಅಲ್ಪವಿರಾಮಕ್ಕೆ ಬೇರೆಯೇ ಕೆಲಸ: ಒಂದಿಟ್ಟರೆ ಸಂಖ್ಯೆ ಸಾವಿರದಿಂದ, ಎರಡಿಟ್ಟರೆ ಹತ್ತು ಲಕ್ಷದಿಂದ ಭಾಗಿಸಿದಂತೆ ಕಾಣುತ್ತದೆ. ಲಕ್ಷಕ್ಕೆ ಈ ಉಪಾಯ ನಡೆಯದು, ಹೆಜ್ಜೆ ಸಾವಿರದ್ದೇ.

ಚಿಹ್ನೆ ಯಾವುದೆಂದು ತೀರ್ಮಾನಿಸುವುದು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗು. ಎಕ್ಸೆಲ್ 2002 ಇದನ್ನು ಸಡಿಲಿಸಿ, ತಂತ್ರಾಂಶದೊಳಗೇ ಸಾವಿರದ ಹಾಗೂ ದಶಮಾಂಶದ ಚಿಹ್ನೆಗಳನ್ನು ಬದಲಿಸಿಕೊಳ್ಳಲು ಬಿಟ್ಟಿತು. ಇನ್ನೊಬ್ಬರು ಪಠ್ಯವಾಗಿ ಕಳಿಸಿದ ‘1.234,56’ನ್ನು ಸಂಖ್ಯೆಯಾಗಿಸುವ ನಂಬರ್‌ವ್ಯಾಲ್ಯೂ ಫಂಕ್ಷನ್ 2013ರಲ್ಲಿ ಬಂತು. ಅಲ್ಪವಿರಾಮವೇ ದಶಮಾಂಶವಾದ ದೇಶಗಳಲ್ಲಿ ಸಿಎಸ್‌ವಿ ಕಡತದ ಅಂಕಣಗಳನ್ನು ಅರ್ಧವಿರಾಮದಿಂದ ಬೇರ್ಪಡಿಸುವುದೂ ಇದೇ ಕಾರಣಕ್ಕೆ.

ಲಕ್ಷ, ಕೋಟಿಗಳಿಗೆ ಇಷ್ಟು ಸಾಲದು, ಏಕೆಂದರೆ ಇಲ್ಲಿ ಬದಲಾಗಬೇಕಾದ್ದು ಚಿಹ್ನೆಯಲ್ಲ, ಗುಂಪಿನ ಗಾತ್ರ: ಮೊದಲು ಮೂರಂಕಿ, ಆಮೇಲೆ ಎರಡೆರಡು. ಎಕ್ಸೆಲ್‌ನಲ್ಲಿ #,##,##0 ಎಂದು ಬರೆದರೂ ಪ್ರದೇಶ ಅಮೆರಿಕವಾಗಿದ್ದರೆ 1,234,567 ಎಂದೇ ಕಾಣುತ್ತದೆ. ಅದಕ್ಕೇ ಬಳಕೆದಾರರು ಹುಡುಕಿಕೊಂಡ ದಾರಿ [>=10000000]##\,##\,##\,##0;[>=100000]##\,##\,##0;##,##0. ಓರೆಗೆರೆ ಅಲ್ಪವಿರಾಮವನ್ನು ಬರೀ ಅಕ್ಷರವಾಗಿಸುತ್ತದೆ, ಆದ್ದರಿಂದ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದು ಇಟ್ಟಲ್ಲೇ ಇರುತ್ತದೆ. ಜಾಣತನದ ಉಪಾಯ ನಿಜ, ಆದರೆ ಅರೆಬರೆ. ಷರತ್ತು ಎರಡಕ್ಕೆ ಸೀಮಿತವಾದ್ದರಿಂದ ಋಣ ಸಂಖ್ಯೆಗಳೆಲ್ಲ ಮೂರನೆಯ ಭಾಗಕ್ಕೆ ಬೀಳುತ್ತವೆ. ಅಮೆರಿಕದ ಸೆಟ್ಟಿಂಗಿನಲ್ಲಿ ಲಾಭ 12,34,567 ಎಂದು ಕಂಡರೆ, ಅಷ್ಟೇ ನಷ್ಟ -1,234,567 ಎಂದು ಕಾಣುತ್ತದೆ.