ಮಕ್ಕಳ ಯಕೃತ್ತಿನ ಸೂಜಿ ಬಯಾಪ್ಸಿ

ಮಕ್ಕಳ ಯಕೃತ್ತಿನ ಸೂಜಿ ಬಯಾಪ್ಸಿ ಎಂಬುದು ಯಕೃತ್ತಿನ ಗೆಡ್ಡೆಯಿಂದ ಟೊಳ್ಳು ಸೂಜಿಯ ಮೂಲಕ ಅಂಗಾಂಶದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವಿಧಾನ. ಮಕ್ಕಳಲ್ಲಿ ಕಾಣಿಸಿಕೊಳ್ಳುವ ಯಕೃತ್ತಿನ ಕ್ಯಾನ್ಸರುಗಳಲ್ಲಿ ಹೆಪಟೊಬ್ಲಾಸ್ಟೋಮಾ ಅತಿ ಸಾಮಾನ್ಯವಾದುದು. ಇದು ಹೆಚ್ಚಾಗಿ 3 ವರ್ಷದೊಳಗಿನವರನ್ನು ಬಾಧಿಸುತ್ತದೆ. ಈ ರೋಗದಲ್ಲಿ ರಕ್ತದ ಆಲ್ಫಾ-ಫೀಟೋಪ್ರೋಟೀನ್ ಪ್ರಮಾಣ ಸಾಮಾನ್ಯವಾಗಿ ಏರಿರುತ್ತದೆ. ಆದರೆ ಆರೋಗ್ಯವಂತ ನವಜಾತ ಶಿಶುಗಳಲ್ಲಿಯೂ ಅದು ಸಹಜವಾಗಿಯೇ ಅಧಿಕವಾಗಿರುವುದರಿಂದ, ರಕ್ತಪರೀಕ್ಷೆಯೊಂದನ್ನೇ ನೆಚ್ಚಿ ಕೀಮೋಥೆರಪಿ ಆರಂಭಿಸುವುದು ಸೂಕ್ತವಲ್ಲ.

ರಕ್ತ ಹೆಪ್ಪುಗಟ್ಟುವ ಸಾಮರ್ಥ್ಯವನ್ನು ಮೊದಲು ಪರೀಕ್ಷಿಸಲಾಗುತ್ತದೆ. ಬಳಿಕ ಮಗುವಿಗೆ ಅರಿವಳಿಕೆ ನೀಡಿ, ಅಲ್ಟ್ರಾಸೌಂಡ್ ನೆರವಿನಿಂದ ಸೂಜಿಯನ್ನು ಸಾಧ್ಯವಾದಷ್ಟೂ ರೋಗವಿಲ್ಲದ ಯಕೃತ್ತಿನ ಭಾಗದ ಮೂಲಕ ಗೆಡ್ಡೆಗೆ ಹಾಯಿಸುತ್ತಾರೆ. ಇದರಿಂದ ರಕ್ತಸ್ರಾವದ ಹಾಗೂ ಗೆಡ್ಡೆಯ ಕೋಶಗಳು ಹೊಟ್ಟೆಯೊಳಗೆ ಹರಡುವ ಅಪಾಯ ತಗ್ಗುತ್ತದೆ.

ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವನ್ನು ಹೊಂದಿದೆ.