ಡಾಲ್–ಹಿಲ್ ಅಧ್ಯಯನ

ಡಾಲ್–ಹಿಲ್ ಅಧ್ಯಯನವು ಸಿಗರೇಟು ಸೇವನೆಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ರೋಗಿಗಳ ಗುಂಪುಗಳ ಹೋಲಿಕೆಯಿಂದ ತೋರಿಸಿದ ಆರಂಭಿಕ ಸಂಶೋಧನೆಗಳಲ್ಲಿ ಪ್ರಮುಖವಾದುದು. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಇದನ್ನು ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆಸಿ, 1950ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ವಿಧಾನ ಮತ್ತು ಫಲಿತಾಂಶ

ಶ್ವಾಸಕೋಶದ ಕ್ಯಾನ್ಸರಿನ 709 ರೋಗಿಗಳನ್ನು, ಅದೇ ಲಿಂಗ ಹಾಗೂ ವಯೋಮಾನದ, ಬೇರೆ ಕಾಯಿಲೆಗಳ 709 ರೋಗಿಗಳೊಡನೆ ಹೋಲಿಸಲಾಯಿತು. ಮೊದಲ ಗುಂಪಿನ 649 ಪುರುಷರಲ್ಲಿ ಧೂಮಪಾನ ಮಾಡದವರು ಇಬ್ಬರು ಮಾತ್ರ. ಎರಡನೆಯ ಗುಂಪಿನ ಅಷ್ಟೇ ಪುರುಷರಲ್ಲಿ 27 ಮಂದಿ. ಸೇದುವ ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತಿತ್ತು. ಮೊದಲು ಶ್ವಾಸಕೋಶದ ಕ್ಯಾನ್ಸರೆಂದು ಭಾವಿಸಿ, ಬಳಿಕ ಆ ರೋಗವಿಲ್ಲವೆಂದು ಖಚಿತವಾದವರ ಧೂಮಪಾನದ ರೂಢಿಯು ಎರಡನೆಯ ಗುಂಪಿನವರದನ್ನೇ ಹೋಲುತ್ತಿತ್ತು. ಆದುದರಿಂದ, ಸಂದರ್ಶಕರ ಪೂರ್ವಗ್ರಹವೇ ಈ ವ್ಯತ್ಯಾಸಕ್ಕೆ ಕಾರಣವೆಂಬ ಆಕ್ಷೇಪ ನಿಲ್ಲಲಿಲ್ಲ.

ಮುಂದಿನ ಬೆಳವಣಿಗೆ

1951ರಲ್ಲಿ ಇವರಿಬ್ಬರು ಬ್ರಿಟನ್ನಿನ ವೈದ್ಯರನ್ನೇ ದೀರ್ಘಕಾಲ ಗಮನಿಸುವ ಅಧ್ಯಯನವನ್ನು ಆರಂಭಿಸಿದರು. 2004ರಲ್ಲಿ ಪ್ರಕಟವಾದ ಅದರ ಐವತ್ತು ವರ್ಷಗಳ ವರದಿಯಂತೆ, 50ನೆಯ ವಯಸ್ಸಿನಲ್ಲಿ ಧೂಮಪಾನ ತ್ಯಜಿಸಿದರೂ ಅದರಿಂದಾಗುವ ಅಪಾಯ ಸುಮಾರು ಅರ್ಧದಷ್ಟು ತಗ್ಗುತ್ತದೆ.